ಮುಚ್ಚಳ ತೆಗೆಯದೆ ನಡೆದ ದಿನ

ಪೋಲಿಯೋ ಹನಿ ಹಾಕುವ ಭಾನುವಾರಗಳಂದು ನಮ್ಮ ಇಲಾಖೆಯವರು ರೈಲು ನಿಲ್ದಾಣದಲ್ಲೂ ಒಂದು ಮೇಜು ಹಾಕುತ್ತಾರೆ, ಊರು ಬಿಟ್ಟು ದಾರಿಯಲ್ಲಿರುವ ಮಕ್ಕಳು ತಪ್ಪಿಹೋಗಬಾರದೆಂದು. ಈ ಸಲ ನನ್ನ ಪಾಲಿಗೆ ಅಣ್ಣಿಗೇರಿ ಸ್ಟೇಷನ್ ಬಂತು. ನಾನೀಗ ಮೇಲ್ವಿಚಾರಕ, ಅಂದರೆ ಹನಿ ಹಾಕುವವರು ಬೇರೆ, ಸರಿಯಾಗಿ ಹಾಕಿದರೋ ಇಲ್ಲವೋ ಎಂದು ಚಿಂತೆ ಮಾಡುವವನು ನಾನು. ಇಷ್ಟು ವರ್ಷಗಳ ನೌಕರಿಯಲ್ಲಿ ಸರಕಾರ ನನ್ನ ಯೋಗ್ಯತೆಯನ್ನು ಸರಿಯಾಗಿ ಗುರುತಿಸಿದ್ದು ಇದೊಂದೇ ವಿಷಯದಲ್ಲಿ.

ಜನವರಿಯ ಬೆಳಗು. ಪ್ಲಾಟ್‌ಫಾರ್ಮಿನ ಆಚೆ ಹೊಲಗಳೆಲ್ಲ ಮಂಜಿನಲ್ಲಿ ಮುಚ್ಚಿಹೋಗಿದ್ದವು. ಸಿಸ್ಟರ್ ಶಾರದಾ ಲಸಿಕೆಯ ನೀಲಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ನನಗೊಂದು ಕಪ್ ಚಹಾ ತರಿಸಿದ್ದಳು. ನಾನು ಪೆಟ್ಟಿಗೆಯ ಮುಚ್ಚಳ ಎತ್ತಿ ಐಸ್ ಇದೆಯೇ ಎಂದು ನೋಡಿದೆ. ಇತ್ತು. ಚಹಾ ಮುಗಿಸಿ ಮತ್ತೊಮ್ಮೆ ನೋಡಿದೆ. ಆಗಲೇ ಆ ವಾಸನೆ ಬಂತು. ಇಬ್ಬನಿಯಲ್ಲಿ ನೆನೆದ ಕಂಬಳಿಯದು. ಕುರಿ, ಹೊಗೆ, ಹಸಿ ಮಣ್ಣು ಮೂರೂ ಕೂಡಿದ ವಾಸನೆ. ಮೂಗಿಗೆ ಹತ್ತಿದ ಕೂಡಲೇ, ಆ ಚಳಿಯಲ್ಲೂ, ನನ್ನ ಅಂಗಾಲು ತನ್ನಷ್ಟಕ್ಕೆ ತಾನೇ ಬಿಸಿಯಾಯಿತು. ಕಂಬಳಿ ಹೊದ್ದವರು ಯಾರೆಂದು ತಲೆಯೆತ್ತುವ ಮೊದಲೇ ನಾನು ಇಪ್ಪತ್ತೈದು ವರ್ಷ ಹಿಂದೆ, ಇದೇ ಸ್ಟೇಷನ್ನಿನ ಹೊರಗೆ, ಬಗಲಲ್ಲಿ ಥರ್ಮಾಸ್ ಹಿಡಿದು ನಿಂತಿದ್ದೆ.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ನನಗಾಗ ಇಪ್ಪತ್ಮೂರು, ಮದುವೆಯಾಗಿರಲಿಲ್ಲ. ಧಾರವಾಡದ ಓಣಿಯಲ್ಲಿ ಬೆಳೆದವನು. ನಮ್ಮ ಮನೆಗೆ ಬೀಗ ಹಾಕಿದರೆ ಅಪ್ಪ ಒಮ್ಮೆ, ಅವ್ವ ಒಮ್ಮೆ, ನಾನು ಒಮ್ಮೆ ಜಗ್ಗಿ ನೋಡಿ, ಓಣಿಯ ತಿರುವಿನ ತನಕ ಹೋಗಿ, ಅಲ್ಲಿಂದ ಯಾರಾದರೊಬ್ಬರು ತಿರುಗಿ ಬಂದು ಮತ್ತೆ ಜಗ್ಗುತ್ತಿದ್ದೆವು. ಇಂಥ ಮನೆತನದವನನ್ನು ಆರೋಗ್ಯ ಸಹಾಯಕನೆಂದು ನೇಮಿಸಿ, ಕೈಗೆ ಕರಗುವ ವಸ್ತುವನ್ನು ಕೊಟ್ಟರು.

ಅಣ್ಣಿಗೇರಿ ಸ್ಟೇಷನ್ನಿನಿಂದ ನವಲಗುಂದದ ದಿಕ್ಕಿಗೆ ಏಳು ಮೈಲು ಒಳಗಿದ್ದ ಒಂದು ಹಳ್ಳಿ ನನ್ನ ಪಾಲಿನದು. ನಮ್ಮ ಆಸ್ಪತ್ರೆಯ ಫ್ರಿಜ್ ಕೆಟ್ಟು ಕೂತಿತ್ತು. ಅದಕ್ಕೇ ಪ್ರತಿ ಬುಧವಾರ ನಸುಕಿನಲ್ಲಿ ನಾನು ಹುಬ್ಬಳ್ಳಿಯ ಔಷಧ ಉಗ್ರಾಣಕ್ಕೆ ಹೋಗಿ, ಅಗಲ ಬಾಯಿಯ ದೊಡ್ಡ ಥರ್ಮಾಸಿನಲ್ಲಿ ಐಸಿನ ಚೂರು ತುಂಬಿಸಿಕೊಂಡು, ಅದರ ನಡುವೆ ಪೋಲಿಯೋ ಹನಿಯ ಪುಟ್ಟ ಶೀಶೆಗಳನ್ನಿಟ್ಟುಕೊಂಡು, ಗದಗಿನ ಕಡೆ ಹೋಗುವ ಪ್ಯಾಸೆಂಜರ್ ಹತ್ತಬೇಕು. ಆಗಿನ್ನೂ ಸಣ್ಣ ಹಳಿಯ ಗಾಡಿ. ಎಮ್ಮೆ ಅಡ್ಡ ಬಂದರೂ ನಿಂತು ದಾರಿ ಕೊಡುವ ಸಭ್ಯಸ್ಥ ಗಾಡಿ. ಅಣ್ಣಿಗೇರಿಯಲ್ಲಿ ಇಳಿದರೆ ಮುಂದೆ ನಡಿಗೆ. ಹಳ್ಳಿಗೆ ಇದ್ದ ಒಂದೇ ಬಸ್ಸು ಸಂಜೆಗೆ. ಅಷ್ಟರಲ್ಲಿ ಐಸ್ ನೀರಾಗಿ, ನೀರು ಬಿಸಿಯಾಗಿ, ಅದರಲ್ಲಿ ಚಹಾಪುಡಿ ಹಾಕಬಹುದಿತ್ತು.

"ಐಸ್ ಪೂರಾ ಕರಗಿತಂದ್ರ ಔಷಧಿ ಕೆಟ್ಟಂಗ," ಎಂದು ನಮ್ಮ ಆಸ್ಪತ್ರೆಯ ಡಾಕ್ಟರು ಮೊದಲ ದಿನವೇ ಹೇಳಿದ್ದರು. "ಅಂಥಾದ್ದು ಹಾಕಬ್ಯಾಡ್ರಿ. ಹನಿ ಬಿತ್ತಂತ ತಾಯಿ ನೆಮ್ಮದಿಯಿಂದ ಮನಿಗೆ ಹೋಗ್ತಾಳ, ಖರೇ ಅಂದ್ರ ಏನೂ ಬಿದ್ದಿರೂದಿಲ್ಲ. ಹಾಕದ ಇದ್ದದ್ದಕ್ಕಿಂತ ಅದು ಕೆಟ್ಟ."

ಚಿಂತೆ ಮಾಡುವವನಿಗೆ ಇಂಥ ಮಾತು ಹೇಳಬಾರದು.

ಆ ಏಳು ಮೈಲಿನ ದಾರಿಯನ್ನು ಹೇಗೆ ಹೇಳಲಿ? ಸುಗ್ಗಿ ಮುಗಿದಿತ್ತು. ಜೋಳ, ಕಡಲೆ, ಕುಸುಬೆ ಎಲ್ಲ ಮನೆ ಸೇರಿದ್ದವು. ಹೊಲದ ಕೆಲಸ ಮುಗಿಸಿದ ಜನ ಊರಲ್ಲಿದ್ದರು, ಹೊಲದಲ್ಲಿ ನಾನಿದ್ದೆ. ಆಕಾಶದ ಅಂಚಿನ ತನಕ ಕರಿ ಎರೆ ಮಣ್ಣು, ಅಂಗೈ ಅಗಲ ಬಾಯಿ ಬಿಟ್ಟ ಬಿರುಕುಗಳು, ಒಂದೆರಡು ಗಿಡ್ಡ ಜಾಲಿ. ಅವುಗಳ ನೆರಳು ಅವಕ್ಕೇ ಸಾಲದು. ಸ್ಟೇಷನ್ನಿನ ಸಿಗ್ನಲ್ ಕಂಬ ಹಿಂದಿರುಗಿ ನೋಡಿದಾಗಲೆಲ್ಲ ಅಲ್ಲೇ ಇರುತ್ತಿತ್ತು. ಒಂದು ತಾಸು ನಡೆದರೂ ಎಲ್ಲಿಗೂ ಹೋಗಿಲ್ಲವೆಂದು ಅನ್ನಿಸುವುದಕ್ಕೆ ಅಷ್ಟು ಸಾಕು.

ನನ್ನ ಸಿದ್ಧತೆಯನ್ನೂ ಹೇಳಬೇಕು. ಬಿಸಿಲಿಗೆ ಛತ್ರಿ. ಝಳ ಬಡಿಯದಂತೆ ಕಿಸೆಯಲ್ಲೊಂದು ಉಳ್ಳಾಗಡ್ಡಿ. ಅದು ಕಳೆದುಹೋದರೆ ಇರಲಿ ಎಂದು ಇನ್ನೊಂದು ಕಿಸೆಯಲ್ಲಿ ಇನ್ನೊಂದು. ಹಾವು ಕಡಿದರೆ ಕಟ್ಟಲು ಹಗ್ಗದ ತುಂಡು. ಹಗಲು ಹನ್ನೊಂದಕ್ಕೆ ನಡೆಯುವವನ ಚೀಲದಲ್ಲಿ ಬ್ಯಾಟರಿ ಏಕಿತ್ತೆಂದು ಕೇಳಬೇಡಿ, ಇತ್ತು. ಇಷ್ಟೆಲ್ಲ ಹೊತ್ತವನು ಅರ್ಧ ಮೈಲಿಗೊಮ್ಮೆ ನಿಂತು ಥರ್ಮಾಸಿನ ಮುಚ್ಚಳ ತಿರುವಿ ತೆಗೆದು ಒಳಗೆ ಇಣುಕುತ್ತಿದ್ದೆ. ಐಸ್ ಇದೆಯೋ ಇಲ್ಲವೋ ನೋಡಲು ತೆಗೆಯುವುದು. ತೆಗೆದದ್ದಕ್ಕೆ ಒಂದಿಷ್ಟು ಕರಗುವುದು. ಕರಗಿದ್ದು ಕಂಡು ಎದೆ ಧಸಕ್ಕೆಂದು ಮುಂದಿನ ಸಲ ಇನ್ನೂ ಬೇಗ ತೆಗೆಯುವುದು. ವಿಜ್ಞಾನದಲ್ಲಿ ಪದವಿ ಪಡೆದವನು ನಾನು. ಹಳ್ಳಿ ಮುಟ್ಟುವ ಹೊತ್ತಿಗೆ ತೇಲುವ ನಾಲ್ಕು ಹರಳು ಉಳಿದಿದ್ದರೆ ಆ ಬುಧವಾರ ಗೆದ್ದಂತೆ. ಎಷ್ಟೋ ಬುಧವಾರ ನೀರಷ್ಟೇ ಉಳಿದು, ಮಗುವನ್ನು ಎತ್ತಿಕೊಂಡು ಬಂದ ತಾಯಂದಿರಿಗೆ "ಮುಂದಿನ ವಾರ ಬರ್ರಿ" ಎಂದು ಹೇಳಿ ಕಳಿಸುತ್ತಿದ್ದೆ.

ಹಳ್ಳಿಯ ಮಕ್ಕಳದ್ದು ಇನ್ನೊಂದು ಬಗೆ. ಮೊದಲ ವಾರ ನನ್ನ ಥರ್ಮಾಸ್ ಕಂಡು ಐಸ್‌ಕ್ಯಾಂಡಿಯವನೆಂದು ಓಡಿ ಬಂದವು. ಒಳಗಿದ್ದದ್ದು ಗೊತ್ತಾದ ಮೇಲೆ ಬಂದಷ್ಟೇ ಜೋರಿನಲ್ಲಿ ಓಡಿಹೋದವು. ಅಂದಿನಿಂದ ಊರ ಅಗಸಿಬಾಗಿಲಲ್ಲಿ ನಾನು ಕಾಣಿಸಿದರೆ ಓಣಿ ಖಾಲಿ. ಒಬ್ಬ ಮನುಷ್ಯ ಬಂದನೆಂದು ಇಡೀ ಓಣಿ ಬಾಗಿಲು ಹಾಕಿಕೊಳ್ಳುವುದನ್ನು ವಾರ ವಾರ ನೋಡಿದರೆ, ಆ ಮನುಷ್ಯನಿಗೆ ತನ್ನ ಬಗ್ಗೆ ಏನೇನೋ ಅನ್ನಿಸತೊಡಗುತ್ತದೆ. ಬರುತ್ತ ಹೋಗುತ್ತ ನಾನು ಥರ್ಮಾಸಿನ ಜೊತೆ ಮಾತಾಡಲು ಶುರು ಮಾಡಿದ್ದು ಆಗಲೇ. "ಇನ್ನೊಂದು ಹರದಾರಿ ಐತಿ ನೋಡಪಾ, ತಡಕೋ," ಎನ್ನುತ್ತಿದ್ದೆ. ತಡೆದುಕೊಳ್ಳಲು ಹೇಳುತ್ತಿದ್ದದ್ದು ಯಾರಿಗೆ ಎಂಬುದು ನನಗೂ ಸ್ಪಷ್ಟವಿರಲಿಲ್ಲ.

ಫೆಬ್ರುವರಿಯ ಒಂದು ಬುಧವಾರ, ಸರಿಯಾಗಿ ನಡುದಾರಿಯಲ್ಲಿ, ಖಾಲಿ ಹೊಲವೊಂದು ಅಲ್ಲಾಡುವಂತೆ ಕಂಡಿತು. ಹತ್ತಿರ ಹೋದರೆ ಕುರಿ. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ಮಲಗಿಸುವುದು ನಮ್ಮ ಕಡೆಯ ರೂಢಿ. ಕುರಿಗಾರರು ಹಿಂಡು ಹೊಡೆದುಕೊಂಡು ಬಂದು ಒಂದು ಹೊಲದಲ್ಲಿ ಎರಡು ರಾತ್ರಿ, ಇನ್ನೊಂದರಲ್ಲಿ ನಾಲ್ಕು ರಾತ್ರಿ ತಂಗುತ್ತಾರೆ. ಹೊಲದವರು ಜೋಳ ಕೊಡುತ್ತಾರೆ. ಗಂಡಸರು ಹಿಂಡಿನ ಹಿಂದೆ ಹೋಗಿದ್ದರು. ನಾಲ್ಕು ಗಳದ ಮೇಲೆ ಒಂದು ಕಂಬಳಿ ಕಟ್ಟಿ ಮಾಡಿದ ನೆರಳಿನಲ್ಲಿ ಒಬ್ಬ ಮುದುಕಿ ಕೂತಿದ್ದಳು. ಬಾಜುವಿನಲ್ಲಿ ಕುರಿಮರಿಗಳನ್ನು ಮುಚ್ಚಿಟ್ಟ ದೊಡ್ಡ ಬುಟ್ಟಿ.

"ಏ ತಮ್ಮಾ," ಎಂದು ಕೂಗಿದಳು. "ಯಾರ ಕೂಡ ಮಾತಾಡಾಕತ್ತಿ? ಅಲ್ಲಿ ಯಾರೂ ಇಲ್ಲಲ್ಲ!"

ನಾನು ನಾಚಿ, ನೆರಳಿಗೆ ಹೋಗಿ ಕೂತೆ. ಅವಳ ಹೆಸರು ಮಾಳವ್ವ. ಸೊಸೆ ಲಕ್ಕವ್ವ ಸ್ವಲ್ಪ ದೂರದಲ್ಲಿ ಮೂರು ಕಲ್ಲಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಬೆನ್ನಿಗೆ ಕಟ್ಟಿದ ಜೋಳಿಗೆಯಲ್ಲಿ ನಾಲ್ಕೈದು ತಿಂಗಳ ಒಂದು ಹೆಣ್ಣು ಕೂಸು. ಇನ್ನೂ ಕೆಲವು ಮಕ್ಕಳು ಬುಟ್ಟಿಯ ಸುತ್ತ ಆಡುತ್ತಿದ್ದವು. ಓಡಿಹೋಗಲಿಲ್ಲ. ಓಡಿಹೋಗಲು ಅಲ್ಲಿ ಓಣಿ ಎಲ್ಲಿತ್ತು?

ಕೆಲಸದ ನೆಪದಲ್ಲಾದರೂ ಇನ್ನಷ್ಟು ಹೊತ್ತು ಕೂಡಬಹುದೆಂದು ರಜಿಸ್ಟರ್ ತೆಗೆದೆ. ಊರು ಎಂಬ ಕಾಲಮಿನಲ್ಲಿ ಏನು ಬರೆಯುವುದು ತಿಳಿಯಲಿಲ್ಲ. ಅದನ್ನು ಬಿಟ್ಟು ಮುಂದಿನದು ಕೇಳಿದೆ.

"ಮನ್ಯಾಗ ಎಷ್ಟ ಮಕ್ಕಳ್ರಿ, ಯವ್ವಾ?"

"ದೇವರ ಕೊಟ್ಟಷ್ಟು."

"ಹೌದ್ರಿ. ಅಂದ್ರ ಎಷ್ಟು?"

"ಕೊಟ್ಟಷ್ಟ ಅಂದ್ನೆಲ್ಲೋ."

ನಾನೇ ಎಣಿಸೋಣವೆಂದು ಬೆರಳು ಎತ್ತಿದೆ. ಲಕ್ಕವ್ವ ಬಡಿಯುತ್ತಿದ್ದ ರೊಟ್ಟಿ ಬಿಟ್ಟು ತಿರುಗಿ, ಜೋಳಿಗೆಯ ಮೇಲೆ ಸೆರಗು ಎಳೆದುಕೊಂಡಳು. ಹಿಟ್ಟಿನ ಕೈ ನನ್ನ ಕಡೆ ಬೀಸಿ, "ಬೆರಳ ಇಳಸ್ರಿ," ಎಂದಳು.

ಮಾಳವ್ವ ನಕ್ಕಳು. "ನಾವು ಎಣಸಂಗಿಲ್ಲ ತಮ್ಮಾ, ಮಕ್ಕಳನ್ನೂ ಇಲ್ಲ, ಕುರೀನೂ ಇಲ್ಲ. ದಿಟ್ಟಿ ಆಗತೈತಿ."

"ಮತ್ತ ಸಂಜೀಕ ಒಂದು ಕುರಿ ಕಡಿಮಿ ಬಂದ್ರ ಹೆಂಗ ತಿಳೀತೈತ್ರಿ?"

"ಒಂದೊಂದರ ಮಾರಿ ನೋಡ್ತೀವಿ. ಇರೂವು ಎಲ್ಲಾ ಮಾರಿ ತೋರಸ್ತಾವು. ಇಲ್ಲದ್ದು ಯಾವುದಂತ ಆಗ ತಾನ ತಿಳೀತೈತಿ."

ಅದೇಕೋ ಗೊತ್ತಿಲ್ಲ, ಮಕ್ಕಳ ಸಂಖ್ಯೆಯ ಕಾಲಮಿನಲ್ಲಿ "ದೇವರು ಕೊಟ್ಟಷ್ಟು" ಎಂದು ಬರೆದು, ಬರೆದದ್ದನ್ನು ಗಟ್ಟಿಯಾಗಿ ಓದಿದೆ. (ಮುಂದಿನ ವಾರ ಡಾಕ್ಟರು ಅದನ್ನು ನೋಡಿ, "ಇದು ಸರಕಾರಿ ರಜಿಸ್ಟರೋ, ಪುರಾಣವೋ?" ಎಂದು ಕೇಳಿದರು.) ಲಕ್ಕವ್ವ ಓದಿದ್ದು ಕೇಳಿದಳು. ಕೈ ತೊಳೆದು ಬಂದು, ಜೋಳಿಗೆ ಬಿಚ್ಚಿ, ಕೂಸನ್ನು ಅತ್ತೆಯ ತೊಡೆಯ ಮೇಲೆ ಹಾಕಿದಳು.

"ಸೂಜಿ ಬ್ಯಾಡ. ಹನಿ ಹಾಕ್ರಿ. ಇದರ ಹೆಸರು ಯಮನವ್ವ. ಇದರ ಹಿಂದಿಂದು ಒಂದು..." ಎಂದವಳು ಅಲ್ಲಿಗೇ ನಿಲ್ಲಿಸಿ, ತನ್ನ ಎಡಗಾಲ ಮೊಣಕಾಲನ್ನು ಅಂಗೈಯಿಂದ ಒಮ್ಮೆ ಸವರಿ, ಒಲೆಯ ಕಡೆ ನೋಡಿದಳು.

ಮುದುಕಿ ಸಣ್ಣ ದನಿಯಲ್ಲಿ ಪೂರ್ತಿ ಮಾಡಿದಳು: "ಜ್ವರಾ ಬಂತು, ಕಾಲು ಹೋತು. ಆಮ್ಯಾಲೆ ಕೂಸೂ ಹೋತು. ಅದಕ್ಕ ಯಮನೂರಪ್ಪಗ ಬೇಡಿಕೊಂಡ ಹಡದಾಳ ಇದನ್ನ. ಆ ದೇವರ ಹೆಸರ ಇಟ್ಟೀವಿ."

ಆ ಕೂಸಿನ ನಾಲಿಗೆಯ ಮೇಲೆ ನಾನು ಎರಡು ಹನಿ ಹಾಕಿದೆ. ಮುಖ ಕಿವುಚಿ, ನುಂಗಿ, ಮತ್ತೆ ಬಾಯಿ ತೆರೆಯಿತು. ಮೂವರೂ ನಕ್ಕೆವು. ನಾಲ್ಕು ವಾರಕ್ಕೊಂದರಂತೆ ಒಟ್ಟು ಮೂರು ಸಲ ಹಾಕಿಸಬೇಕು, ಮೂರೂ ಬಿದ್ದರೇ ಪೂರ್ತಿ ರಕ್ಷಣೆ ಎಂದು ಹೇಳಿದೆ. ಲಕ್ಕವ್ವ ಮೂರು ಬೆರಳು ಎತ್ತಿ, "ಮೂರು?" ಎಂದಳು. ಮಕ್ಕಳನ್ನು ಎಣಿಸದವಳು ಅದನ್ನು ಎಣಿಸಿದಳು.

ಹೊರಟು ನೂರು ಹೆಜ್ಜೆ ಹಾಕಿರಲಿಲ್ಲ, ನಿಂತುಬಿಟ್ಟೆ. ಹನಿ ಹಾಕುವಾಗ ಥರ್ಮಾಸಿನಲ್ಲಿ ಐಸ್ ಇತ್ತೇ? ಮುಚ್ಚಳ ತೆಗೆದೆ. ನೀರಿನ ಮೇಲೆ ಒಂದು ಹರಳು, ಕಡಲೆ ಕಾಳಿನಷ್ಟು. ಹನಿ ಹಾಕುವಾಗ ಇದಕ್ಕಿಂತ ದೊಡ್ಡದಿತ್ತೆ? ಆ ದಿನ ಸ್ಟೇಷನ್ನಿನಿಂದ ಅಲ್ಲಿಗೆ ಬರುವಷ್ಟರಲ್ಲಿ ಎಷ್ಟು ಸಲ ತೆಗೆದು ನೋಡಿದ್ದೆ? ಮರುದಿನ ಡಾಕ್ಟರನ್ನು ಕೇಳಿದರೆ ಅವರು ನನ್ನ ಮುಖವನ್ನೇ ನೋಡಿ, "ಹೇಳಾಕ ಬರೂದಿಲ್ಲ. ಆ ಒಂದು ಲೆಕ್ಕಕ್ಕ ಹಿಡೀಬ್ಯಾಡ್ರಿ. ಮುಂದಿನ ಎರಡರೆ ನೆಟ್ಟಗ ಹಾಕ್ರಿ," ಎಂದರು.

ಹೀಗೆ ಆ ಬೇಸಿಗೆಯಲ್ಲಿ ನನ್ನ ಚಿಂತೆಗೆ ಮೊದಲ ಸಲ ಒಂದು ಮುಖ ಸಿಕ್ಕಿತು. ಅಲ್ಲಿಯ ತನಕ ನಾನು ನನಗಾಗಿಯೇ ಚಿಂತಿಸಿಕೊಂಡು ಬಂದವನು.

ಆಮೇಲಿನ ಬುಧವಾರಗಳಲ್ಲಿ ಅವರು ಆ ಹೊಲದಿಂದ ಈ ಹೊಲಕ್ಕೆ ಸರಿಯುತ್ತಿದ್ದರು. ಕುರಿ ಮಲಗಿ ಎದ್ದ ಜಾಗ ಕಪ್ಪು ಚೌಕದಂತೆ ಉಳಿದಿರುತ್ತಿತ್ತು. ಆ ಚೌಕಗಳನ್ನು ಹಿಡಿದು ಹೋದರೆ ಕಂಬಳಿಯ ನೆರಳು ಸಿಗುತ್ತಿತ್ತು. ಹನಿಯ ವಾರವಿರಲಿ ಬಿಡಲಿ, ಅರ್ಧ ತಾಸು ಕೂತು ಹೋಗುತ್ತಿದ್ದೆ. ರೊಟ್ಟಿ, ಅರೆದ ಮೆಣಸಿನಕಾಯಿ, ಒಂದು ತಂಬಿಗೆ ಮಜ್ಜಿಗೆ. ಇಡೀ ವಾರದಲ್ಲಿ ನನ್ನನ್ನು ಕಂಡು ಯಾರೂ ಎದ್ದುಹೋಗದ ಅರ್ಧ ತಾಸು ಅದೊಂದೇ. ಅದಕ್ಕಾಗಿ ಸುತ್ತು ದಾರಿ ಹಿಡಿಯುತ್ತಿದ್ದೆ ಎಂಬುದನ್ನು ನನಗೆ ನಾನೇ ಒಪ್ಪಿಕೊಂಡಿರಲಿಲ್ಲ.

"ಹೆಂಡ್ತಿ ಇಲ್ಲೇನು ನಿನಗ?" ಎಂದು ಮಾಳವ್ವ ಒಮ್ಮೆ ಕೇಳಿದಳು.

"ಇಲ್ರಿ."

"ಅದಕ್ಕ ಡಬ್ಬಿ ಕೂಡ ಮಾತಾಡ್ತಿ. ಮಾಡ್ಕೊಂಬಿಡು. ಅಕಿನ್ನ ಮಾತ್ರ ಹಿಂಗ ಗಳಿಗಿಗೊಮ್ಮೆ ಮುಚ್ಚಳಾ ತಗದು ನೋಡಬ್ಯಾಡ, ಓಡಿ ಹೋಗ್ತಾಳ."

ಅವಳು ನನ್ನ ರೋಗವನ್ನು ಮೊದಲ ದಿನವೇ ಹಿಡಿದಿದ್ದಳು. ಹೋಳಿ ಕಳೆದ ಮೇಲೆ ಎರಡನೆಯ ಹನಿ ಹಾಕಿದ ಬುಧವಾರ, ತನ್ನ ಹಳೆಯ ಕಂಬಳಿಯಿಂದ ಒಂದು ತುಂಡು ಹರಿದು ನನ್ನ ತೊಡೆಯ ಮೇಲೆ ಹಾಕಿದಳು.

"ಇದನ್ನ ಸುತ್ತು ನಿನ್ನ ಡಬ್ಬಿಗೆ."

"ಕಂಬಳಿ ಬೆಚ್ಚಗ ಮಾಡೂದಲ್ಲೇನ್ರಿ? ಐಸ್ ಇನ್ನೂ ಲಗೂನ ಕರಗತೈತಿ."

"ಕಂಬಳಿ ಬೆಚ್ಚಗೂ ಮಾಡೂದಿಲ್ಲ, ತಣ್ಣಗೂ ಮಾಡೂದಿಲ್ಲ. ಒಳಗಿಂದು ಒಳಗ, ಹೊರಗಿಂದು ಹೊರಗ ಇಡತೈತಿ. ಥಂಡಿಯೊಳಗ ನಾವು ಹೊದೀತೀವಿ, ಬಿಸಲಾಗ ನೀರಿನ ಕೊಡಕ್ಕ ಹೊದಸ್ತೀವಿ. ನೀ ಎಷ್ಟನೇತ್ತ ಸಾಲಿ ಕಲ್ತಿ?"

ವಿಜ್ಞಾನದ ಪದವೀಧರನಾದ ನಾನು ಕಂಬಳಿಯನ್ನು ಡಬ್ಬಿಗೆ ಸುತ್ತತೊಡಗಿದೆ.

"ಮ್ಯಾಲೆ ಗಂಟ ಹಾಕು," ಎಂದಳು. "ಬಿಚ್ಚಾಕ ಬ್ಯಾಸರಾಗ್ಬೇಕು, ಅಂಥಾ ಗಂಟು. ಇಣುಕಿ ಇಣುಕಿ ನೋಡಿದ್ರ ಹಾಲೂ ಹೆಪ್ಪ ಆಗೂದಿಲ್ಲ."

ಎರಡನೆಯ ಹನಿಗೆ ಐಸ್ ಚೆನ್ನಾಗಿಯೇ ಇತ್ತು, ಮುಷ್ಟಿಯಷ್ಟು. ಉಳಿದದ್ದು ಮೂರನೆಯದು. ಮೊದಲನೆಯದನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲವಾದ್ದರಿಂದ ಈ ಮೂರನೆಯದು ಬೀಳಲೇಬೇಕಿತ್ತು. ಏಪ್ರಿಲ್‌ನ ಆ ಬುಧವಾರಕ್ಕೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿದೆ. ಅದರ ಹಿಂದಿನ ವಾರ ಲಕ್ಕವ್ವನನ್ನು ಕೇಳಿದೆ: "ಬರೂ ಬುಧವಾರ ಇಲ್ಲೇ ಇರ್ತೀರಲಾ?"

"ಇರ್ತೀವ್ರಿ. ಮಳಿ ಬಿತ್ತಂದ್ರ ಮಾತ್ರ ನಿಂದ್ರಾಕಾಗೂದಿಲ್ಲ. ಎರಿ ಹಸಿ ಆದ್ರ ಕುರಿ ಕಾಲು ಕೊಳೀತಾವು, ಕೆಂಪು ಮಸಾರಿ ನೆಲಕ್ಕ ಹೋಗ್ಬೇಕು."

"ಯಾವ ಕಡೆ?"

ಅವಳು ಅತ್ತೆಯ ಮುಖ ನೋಡಿದಳು. ಹೋಗುವ ದಿಕ್ಕನ್ನು ಮೊದಲೇ ಬಾಯಿ ಬಿಟ್ಟು ಹೇಳುವುದು ಅವರಲ್ಲಿ ಇಲ್ಲ. "ನೀವು ಬರ್ರಿ," ಎಂದಳು. "ನಾನು ಕಾಯ್ತೀನಿ."

ಆ ಬುಧವಾರ ನಸುಕಿನಲ್ಲಿ ನಾನು ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಥರ್ಮಾಸ್ ಹಿಡಿದು ನಿಂತಿದ್ದೆ. ಮೂಡಣಕ್ಕೆ ಮೋಡ ಕಂಡಿತು. ಒಂದು ಮಿಂಚು. ಮರವಿಲ್ಲದ ಬಯಲಿನಲ್ಲಿ ಛತ್ರಿ ಹಿಡಿದು ನಡೆಯುವವನ ಮೇಲೆಯೇ ಸಿಡಿಲು ಬೀಳುತ್ತದೆಂದು ಎಲ್ಲೋ ಓದಿದ್ದೆ. ಛತ್ರಿ ಬಿಟ್ಟು ಹೋದರೆ? ನೆನೆದು ಜ್ವರ ಬಂದರೆ? ಹಳ್ಳ ಬಂದು ನಡುವೆ ಸಿಕ್ಕಿಕೊಂಡರೆ? ಗಾಡಿ ಬಂದು ನಿಂತಿತು. ನಾನು ಒಂದೊಂದೇ ಪ್ರಶ್ನೆಗೆ ಉತ್ತರ ಹುಡುಕುತ್ತಿರುವಾಗಲೇ ಸೀಟಿ ಊದಿ ಹೊರಟೂ ಹೋಯಿತು. ನಾಳೆ ಹೋದರಾಯಿತು, ಒಂದು ದಿನದಲ್ಲಿ ಏನಾದೀತು ಎಂದುಕೊಂಡು ಶೀಶೆಗಳನ್ನು ಉಗ್ರಾಣಕ್ಕೆ ಹಿಂತಿರುಗಿಸಿದೆ.

ಹಗಲಿಡೀ ಒಂದು ಹನಿ ಬೀಳಲಿಲ್ಲ. ಒಣಗಿದ ಆಕಾಶ ನನ್ನನ್ನು ನೋಡಿ ನಗುತ್ತಿತ್ತು. ಸಂಜೆ ಐದಕ್ಕೆ ಬಂತು ನೋಡಿ ಅಡ್ಡಮಳೆ, ಗುಡುಗು, ಆಣೆಕಲ್ಲು ಸಮೇತ. ನಮ್ಮ ಓಣಿಯ ಮಕ್ಕಳು ಆಣೆಕಲ್ಲು ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದವು. ಬಾಗಿಲಲ್ಲಿ ನಿಂತು ನೋಡಿದೆ. ಬೇಡದ ಕಡೆಗೆಲ್ಲ ಐಸ್ ಬೀಳುತ್ತಿತ್ತು.

ಗುರುವಾರ ಮೊದಲ ಗಾಡಿಗೆ ಹೋದೆ. ಅಲ್ಲಿಯ ತನಕ ಕಂಬಳಿಗೆ ಸಡಿಲವಾದ ಒಂದೇ ಗಂಟು ಹಾಕುತ್ತಿದ್ದವನು, ಈ ಸಲ ಥರ್ಮಾಸಿಗೆ ಅದನ್ನು ಸುತ್ತಿ, ಮುದುಕಿ ಹೇಳಿದಂತೆ ಬಿಚ್ಚಲು ಬೇಸರಾಗುವಂಥ ಮೂರು ಗಂಟು ಹಾಕಿದ್ದೆ. ಆ ದಿನ ಅದನ್ನು ಬಿಚ್ಚಬಾರದು. ಲಕ್ಕವ್ವನ ಮುಂದೆ ಕೂತೇ ಬಿಚ್ಚಬೇಕು. ಹಾಗೆಂದು ನಿಶ್ಚಯಿಸಿದ್ದೆ.

ಸ್ಟೇಷನ್ ದಾಟಿ ಹೊಲಕ್ಕೆ ಕಾಲಿಟ್ಟರೆ, ಇಷ್ಟು ದಿನ ಕಬ್ಬಿಣದಂತಿದ್ದ ಎರೆ ರಾತ್ರಿ ಕಳೆಯುವಷ್ಟರಲ್ಲಿ ಅಂಟಾಗಿತ್ತು. ಹತ್ತು ಹೆಜ್ಜೆಗೆ ಒಂದೊಂದು ಚಪ್ಪಲಿ ಒಂದೊಂದು ಸೇರು ತೂಗಿತು. ಇಪ್ಪತ್ತು ಹೆಜ್ಜೆಗೆ ಎಡಗಾಲಿನದು ಮಣ್ಣಿನಲ್ಲೇ ಉಳಿಯಿತು. ಎರಡನ್ನೂ ಕಿತ್ತು ಚೀಲಕ್ಕೆ ಕಟ್ಟಿ, ಬರಿಗಾಲಲ್ಲಿ ನಡೆದೆ. ಛತ್ರಿಯನ್ನು ಕೋಲು ಮಾಡಿದೆ. ಕಿಸೆಯ ಉಳ್ಳಾಗಡ್ಡಿಗಳು ಎಲ್ಲಿ ಬಿದ್ದವೋ. ಥರ್ಮಾಸನ್ನು ಮಾತ್ರ ಎದೆಗೆ ಅವಚಿಕೊಂಡಿದ್ದೆ, ತಾಯಿ ಕೂಸನ್ನು ಹಿಡಿದಂತೆ. ಅರ್ಧ ಮೈಲಿಗೊಮ್ಮೆ ಕೈ ತಾನೇ ಗಂಟಿನ ಮೇಲೆ ಹೋಗುತ್ತಿತ್ತು. ಗಂಟಿನ ಮೇಲೆ ಬೆರಳಾಡಿಸಿ ಹಿಂದೆ ಸರಿಸುತ್ತಿದ್ದೆ. ಅದರ ಜೊತೆ ಆ ದಿನ ಮಾತಾಡಲಿಲ್ಲ. ಮಾತಾಡಿದರೆ "ಹೇಗಿದ್ದೀ" ಎಂದು ಕೇಳಬೇಕಾಗುತ್ತಿತ್ತು.

ನಡುದಾರಿಯ ಹೊಲ ಬರಿದಾಗಿತ್ತು. ಕಂಬಳಿಯ ಗಳಗಳಿದ್ದ ನಾಲ್ಕು ತೂತುಗಳಲ್ಲಿ ನೀರು ನಿಂತಿತ್ತು. ಮೂರು ಒಲೆಗಲ್ಲುಗಳ ನಡುವೆ ಬೂದಿ ಕೆಸರಾಗಿತ್ತು. ಆಚೆ ಹೊಲದ ಬದುವಿನ ಮೇಲೆ ಒಬ್ಬ ಮುದುಕ ನಿಂತು ತನ್ನ ನೆಲ ಎಷ್ಟು ನೆನೆದಿದೆಯೆಂದು ನೋಡುತ್ತಿದ್ದ.

"ಕಾಕಾ, ಕುರಿಯವ್ರು ಎಲ್ಲಿ ಹೋದ್ರಿ?"

"ನಸಿಕಿನ್ಯಾಗ ಎದ್ದ ಹ್ವಾದ್ರು. ಹಸೀಗೆ ನಿಂದರ್ತಾರೇನು?" ಪಡುವಣಕ್ಕೆ ಗದ್ದ ಎತ್ತಿ ತೋರಿಸಿದ. ಆಮೇಲೆ ನನ್ನ ಕಾಲು, ಕಂಬಳಿಯ ಗಂಟು, ಮುಖ ನೋಡಿ, "ಸೂಜಿ ಮಾಸ್ತರೇನು ನೀವು? ನಿನ್ನಿ ಆ ಹೆಣ್ಮಗಳು ಕೂಸಿನ್ನ ಕಟ್ಗೊಂಡು ಈ ಬದುವಿನ ಮ್ಯಾಲೆ ಮಧ್ಯಾಹ್ನತನಾ ನಿಂತಿತ್ತು, ಠೇಸನ್ ಕಡೆ ಮಾರಿ ಮಾಡಿ. ನಾನ ಅಂದೆ, ನೆಳ್ಳಿಗೆ ಹೋಗಬೇ, ಕೂಸು ಬಾಡತೈತಿ ಅಂತ. ಬರ್ತಾರ್ರಿ, ಹೇಳ್ಯಾರ ಅಂತು," ಎಂದ.

"ಎಷ್ಟ ದೂರ ಹೋಗಿರಬೇಕ್ರಿ?"

"ಕುರಿ ನಡದಷ್ಟು."

ಹಸಿ ಎರೆಯ ಮೇಲೆ ಹಿಂಡಿನ ಗೊರಸು ಅಚ್ಚೊತ್ತಿದಂತೆ ಮೂಡಿತ್ತು. ಅದನ್ನು ಹಿಡಿದು ನಡೆದೆ. ಎಷ್ಟು ಮೈಲೋ ಗೊತ್ತಿಲ್ಲ. ಸ್ಟೇಷನ್ನಿನ ಸಿಗ್ನಲ್ ಕಂಬ ಆ ದಿನ ಮೊದಲ ಸಲ ಕಣ್ಣಿಗೆ ಮರೆಯಾಯಿತು. ಬಿಸಿಲು ಏರಿ, ನೆಲದಿಂದ ಹಬೆ ಎದ್ದಿತು. ಒಂದು ಹಳ್ಳ ಬಂತು. ಮೊಣಕಾಲುದ್ದ ಕದಡಿದ ನೀರು. ಯಾವುದಕ್ಕೆ ಹೆದರಿ ಒಂದು ದಿನ ಮೊದಲು ಗಾಡಿ ಬಿಟ್ಟಿದ್ದೆನೋ ಅದು ಇಷ್ಟೇ ಆಗಿತ್ತು, ಮೊಣಕಾಲುದ್ದ. ಥರ್ಮಾಸನ್ನು ತಲೆಯ ಮೇಲಿಟ್ಟುಕೊಂಡು ದಾಟಿದೆ. ಆಚೆ ದಂಡೆಯಲ್ಲಿ ಗೊರಸುಗಳ ನಡುವೆ ಬರಿಗಾಲಿನ ಹೆಜ್ಜೆಗಳು ಕಂಡವು. ಒಂದು ಜೊತೆ ಉಳಿದವಕ್ಕಿಂತ ಆಳವಾಗಿದ್ದವು, ಬೆನ್ನಿಗೆ ಏನನ್ನೋ ಕಟ್ಟಿಕೊಂಡು ನಡೆದವರ ಹೆಜ್ಜೆಯಂತೆ. ಅವುಗಳ ಬಾಜುವಿನಲ್ಲೇ ನಾನೂ ಹೆಜ್ಜೆ ಇಡುತ್ತ ಹೋದೆ.

ಹೋಗಿ ಹೋಗಿ ಟಾರು ರಸ್ತೆ ಬಂತು. ಗೊರಸುಗಳು ರಸ್ತೆ ಹತ್ತಿದ್ದವು. ಹತ್ತಿದ ಕಡೆ ಒಂದಿಷ್ಟು ಕರಿ ಮಣ್ಣಿನ ಹೆಂಟೆ ಉದುರಿತ್ತು, ಅಷ್ಟೇ. ಮುಂದೆ ಟಾರು. ಅದರ ಮೇಲೆ ಯಾರ ಹೆಜ್ಜೆಯೂ ಮೂಡುವುದಿಲ್ಲ. ಎಡಕ್ಕೆ ಹೋದರೋ ಬಲಕ್ಕೆ ಹೋದರೋ. ಎಡಕ್ಕೆ ಒಂದು ಮೈಲು ನಡೆದು ನೋಡಿದೆ, ಬಲಕ್ಕೆ ಒಂದು ಮೈಲು ನಡೆದು ನೋಡಿದೆ. ರಸ್ತೆಯಿಂದ ಇಳಿದ ಗುರುತು ಎಲ್ಲೂ ಸಿಗಲಿಲ್ಲ. ಒಂದು ಲಾರಿ ಬಂತು. ಕೈ ಮಾಡಿ ಕೇಳಿದೆ. ಡ್ರೈವರ್ ಕುರಿ ಕಂಡಿಲ್ಲವೆಂದು ಹೇಳಿ ಹೋದ.

ರಸ್ತೆಯ ಬದಿಯ ಮೈಲುಗಲ್ಲಿನ ಮೇಲೆ ಕೂತು, ಮೂರು ಗಂಟುಗಳನ್ನು ಹಲ್ಲಿನಿಂದ ಬಿಚ್ಚಿ, ಕಂಬಳಿ ಬಿಡಿಸಿ, ಮುಚ್ಚಳ ತೆಗೆದೆ.

ಐಸ್ ಹಾಗೇ ಇತ್ತು. ನಸುಕಿನಲ್ಲಿ ತುಂಬಿದ ಚೂರುಗಳು ಮೂಲೆ ಸವೆದು, ಒಂದಕ್ಕೊಂದು ಹತ್ತಿಕೊಂಡು ಗಟ್ಟಿಯಾಗಿ ಕೂತಿದ್ದವು, ನಡುವೆ ಶೀಶೆಗಳು. ಇಡೀ ಬೇಸಿಗೆಯಲ್ಲಿ ಅಷ್ಟು ಐಸನ್ನು ನಾನು ಎಲ್ಲಿಗೂ ಮುಟ್ಟಿಸಿರಲಿಲ್ಲ.

ಸಂಜೆಯ ಗಾಡಿಗೆ ಹುಬ್ಬಳ್ಳಿಗೆ ಹೋಗಿ ಶೀಶೆಗಳನ್ನು ಹಿಂತಿರುಗಿಸಿದಾಗಲೂ ಅರ್ಧ ಥರ್ಮಾಸ್ ಐಸ್ ಉಳಿದಿತ್ತು. ಉಗ್ರಾಣದವರು ಒಳಗೆ ಇಣುಕಿ, "ಭಾರೀ ಉಳಿಸೀರಿ ಬಿಡ್ರಿ! ಕೆಲಸಾ ಅಂದ್ರ ಹಿಂಗ ಮಾಡ್ಬೇಕು," ಎಂದು ಬೆನ್ನು ತಟ್ಟಿದರು. ನನ್ನ ನೌಕರಿಯಲ್ಲಿ ಸಿಕ್ಕ ಮೊದಲ ಶಾಬಾಸಗಿರಿ ಅದು.

ಮುಂದಿನ ವರ್ಷ ಸುಗ್ಗಿಯ ಹೊತ್ತಿಗೆ ನನಗೆ ಕಲಘಟಗಿಯ ಕಡೆ ವರ್ಗವಾಗಿತ್ತು. ಕುರಿಯವರು ಕಂಡಲ್ಲೆಲ್ಲ ನಿಂತು ಕೇಳಿದೆ. "ಯಾವ ಮಾಳವ್ವರಿ?" ಎನ್ನುತ್ತಿದ್ದರು. ಅವರಲ್ಲಿ ಮನೆಗೊಬ್ಬಳು ಮಾಳವ್ವ. ಆಮೇಲೆ ಮದುವೆಯಾಯಿತು, ಮಕ್ಕಳಾದವು, ಬಡ್ತಿ ಬಂತು. ಹನಿ ಹಾಕಿದ ಮಕ್ಕಳ ಸಂಖ್ಯೆಯನ್ನು ತಿಂಗಳು ತಿಂಗಳು ಬರೆದು ಕಳಿಸುವುದೇ ನನ್ನ ಕೆಲಸವಾಯಿತು. ಆ ಸಂಖ್ಯೆಗಳು ಒಂದೂ ನೆನಪಿಲ್ಲ. ಇಲ್ಲದ್ದು ಯಾವುದು ಎಂಬುದು ಮಾತ್ರ ಗೊತ್ತು. ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ ಆ ವಯಸ್ಸಿನ ಕುರಿಗಾರ ಹೆಣ್ಣುಮಕ್ಕಳು ಕಂಡರೆ ನಾನು ಮುಖಕ್ಕಿಂತ ಮೊದಲು ಕಾಲು ನೋಡುತ್ತೇನೆ. ಇದರಿಂದ ಒಂದೆರಡು ಕಡೆ ಬೈಸಿಕೊಂಡೂ ಇದ್ದೇನೆ.

"ಎಷ್ಟ ಮಕ್ಕಳವ್ವಾ ನಿನಗ?" ಶಾರದಾಳ ದನಿ ಕೇಳಿ ತಲೆಯೆತ್ತಿದೆ.

ಮೇಜಿನ ಮುಂದೆ ಇಪ್ಪತ್ತೈದರ ಸುಮಾರಿನ ಹೆಣ್ಣುಮಗಳು. ಹೆಗಲ ಮೇಲೆ ಇಬ್ಬನಿಯ ಹನಿ ಕೂತ ಕಂಬಳಿ, ಸೊಂಟದಲ್ಲೊಂದು ಕೂಸು, ಸೆರಗು ಹಿಡಿದ ಇನ್ನೂ ಕೆಲವು.

"ದೇವರ ಕೊಟ್ಟಷ್ಟು," ಎಂದಳು.

"ಹಂಗಂದ್ರ ಹೆಂಗ ಬರೀಲಿ? ಎಷ್ಟ ಅಂತ ಹೇಳು."

"ಹಂಗ ಬರಕೋ ಶಾರದಾ," ಎಂದೆ ನಾನು. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಪೆಟ್ಟಿಗೆಯ ಮುಚ್ಚಳ ತೆಗೆದು, ಶೀಶೆ ಎತ್ತಿಕೊಂಡು, ಬಹಳ ವರ್ಷಗಳ ಮೇಲೆ ನಾನೇ ಹನಿ ಹಾಕಿದೆ. ಸೆರಗು ಹಿಡಿದವಕ್ಕೆ ಮೊದಲು, ಕೊನೆಗೆ ಸೊಂಟದ ಕೂಸಿಗೆ. ಅದು ಮುಖ ಕಿವುಚಿ, ನುಂಗಿ, ಮತ್ತೆ ಬಾಯಿ ತೆರೆಯಿತು. ಅದರ ತಾಯಿ ನಕ್ಕಳು. ನಿನ್ನ ಹೆಸರೇನು ಎಂದು ಕೇಳಲು ನಾಲಿಗೆಯ ತುದಿಗೆ ಬಂತು. ಯಮನವ್ವ ಎಂದರೆ? ಈ ಭಾಗದಲ್ಲಿ ಎಷ್ಟು ಜನ ಯಮನವ್ವರಿಲ್ಲ. ಬೇರೆ ಹೆಸರು ಹೇಳಿದರೆ? ನಾನು ಹೀಗೆ ಎಣಿಕೆ ಹಾಕುತ್ತಿರುವಾಗಲೇ ಆಚೆ ಹಳಿಯ ಮೇಲೆ ಗಾಡಿ ಬಂದು ನಿಂತಿತು. ಅವಳು ಕೂಸನ್ನು ಮೇಲಕ್ಕೆತ್ತಿ ಸರಿಮಾಡಿಕೊಂಡು, ಪ್ಲಾಟ್‌ಫಾರ್ಮ್ ಇಳಿದು, ಮಕ್ಕಳನ್ನು ಮುಂದೆ ಬಿಟ್ಟುಕೊಂಡು ಹಳಿ ದಾಟತೊಡಗಿದಳು. ಎಡಗಾಲು ಒಂದು ಹಳಿಯ ಮೇಲಿಂದ, ಬಲಗಾಲು ಇನ್ನೊಂದರ ಮೇಲಿಂದ. ಜಲ್ಲಿಕಲ್ಲಿನ ಮೇಲೆ ಎರಡೂ ಒಂದೇ ತೂಕದಲ್ಲಿ ಬೀಳುತ್ತಿದ್ದವು. ಮಂಜಿನಲ್ಲಿ ಕಂಬಳಿ ಮಸುಕಾಗುವ ತನಕ ನೋಡಿದೆ. ಗಾಡಿ ಹೊರಟಿತು. ಅದು ಹೋದ ಮೇಲೂ ಖಾಲಿ ಹಳಿಯನ್ನು ನೋಡುತ್ತ ನಿಂತಿದ್ದೆ.

"ಸರ," ಎಂದಳು ಶಾರದಾ. "ಮುಚ್ಚಳಾ ಹಾಕ್ರಿ. ಐಸ್ ಕರಗಾಕತ್ತೈತಿ."

ನೋಡಿದರೆ, ಪೆಟ್ಟಿಗೆಯ ಮುಚ್ಚಳ ಅಷ್ಟು ಹೊತ್ತೂ ನನ್ನ ಕೈಯಲ್ಲೇ ಇತ್ತು.